ಮಳವಳ್ಳಿಯಲ್ಲಿ ವಿಂಡೋಸ್ ಗೆದ್ದ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ತಾಲ್ಲೂಕು ಕಚೇರಿಗಳ ಆಸುಪಾಸಿನಲ್ಲಿ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಜೆರಾಕ್ಸ್ ಅಂಗಡಿಯ ಹಳೇ ಕಂಪ್ಯೂಟರಿಗೆ ಆ ಯೋಗ ಎಲ್ಲಿಂದ ಬರಬೇಕು? ಹೊಸದು ಕೊಳ್ಳುವುದು ಒಂದು ದಾರಿ. ಲಿನಕ್ಸ್ ಹಾಕಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಬಾಯಿಬಿಟ್ಟವರಿಗೆ ಸಿದ್ಧ ಉತ್ತರವೊಂದು ಕಾದಿರುತ್ತದೆ: “ಅದ್ರಲ್ಲಿ ನುಡಿ ಓಡಕಿಲ್ವಲ್ಲ ಸಾ.”

ಲಿನಕ್ಸ್ ಅಭಿಮಾನಿಗಳು ಈ ಮಾತಿಗೆ ನಗುತ್ತಾರೆ. ನಗಬಾರದು. ಆಪರೇಟಿಂಗ್ ಸಿಸ್ಟಂಗಳ ಜಗಳ ಹೊರಗೆಲ್ಲ ನಡೆದದ್ದು ವಿನ್ಯಾಸ, ಭದ್ರತೆ, ಬೆಲೆಗಳ ಮೇಲೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸನ್ನು ಮರುವರ್ಷವೇ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಹಳಸಲು ವಿನ್ಯಾಸವೆಂದು ಜರೆದರು. 2001ರಲ್ಲಿ ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಅದನ್ನು ಕ್ಯಾನ್ಸರ್ ಅಂದರು. 2020ರಲ್ಲಿ ಅದೇ ಕಂಪನಿ ಲಿನಕ್ಸಿನ ಕರ್ನಲನ್ನು ವಿಂಡೋಸ್ ಒಳಗೇ ಇಟ್ಟು ಹಂಚತೊಡಗಿತು. ಮಂಡ್ಯ ಜಿಲ್ಲೆಯಲ್ಲಿ ಈ ಯಾವ ವಾದವೂ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ತೀರ್ಪು ಕೊಟ್ಟದ್ದು ಕನ್ನಡದ ಫಾಂಟು.

ವಿಂಡೋಸ್ 98ಕ್ಕೆ ಕನ್ನಡ ಬರುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಕನ್ನಡ ಟೈಪಿಂಗಿನ ‘ಬರಹ’ ತಂತ್ರಾಂಶ ಕೊಟ್ಟರು. ಆಮೇಲೆ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ವಿಂಡೋಸಿನಲ್ಲಿ ಓಡುವ ಅಂಥದೇ ‘ನುಡಿ’ಯನ್ನು ತಂದಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಜಾಡಿನಲ್ಲೇ ಬಂದ ಕೀಲಿಮಣೆ ಬೆರಳಿಗೆ ಸಲೀಸಾಗಿ ಕೂತಿತು. ಒಳಗಿದ್ದದ್ದು ಮಾತ್ರ ಒಂದು ಉಪಾಯ: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುವುದು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಹಳೇ ನುಡಿ ಕಡತ ತೆರೆದರೆ ಬಂಡವಾಳ ಬಯಲಾಗುತ್ತದೆ. ಮೊದಲು ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀರು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸೆಟ್, ಒಂದು ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಇಷ್ಟೂ ಸೇರಿದರೆ ‘ಕನ್ನಡ’.

ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಹಾಗಾಗಿ ಮಾಡಿದವರನ್ನು ದೂರುವಂತಿಲ್ಲ. ದೂರಬೇಕಾದದ್ದು ಆಮೇಲಿನ ಸೋಮಾರಿತನವನ್ನು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತದ ಕನ್ನಡ ತಂದಿತು. ಲಿನಕ್ಸಿಗೂ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಬಂದವು. ಕಚೇರಿಗಳು ಮಾತ್ರ ವರ್ಷಗಟ್ಟಲೆ ಹಳೇ ಸಂಕೇತಗಳಲ್ಲೇ ಕಡತದ ಮೇಲೆ ಕಡತ ಪೇರಿಸಿದವು. ಕಡತ ಕೊಡುವವರು ಕಚೇರಿಯ ತಾಳಕ್ಕೆ ಕುಣಿಯಲೇಬೇಕಿತ್ತು.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲೇ ಜಮೀನಿನ ದಾಖಲೆಗಳ ‘ಭೂಮಿ’ ಯೋಜನೆ ಬಂದದ್ದು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು, ರೈತನಿಗೆ 15 ರೂಪಾಯಿಗೆ ಮುದ್ರಿತ ಪಹಣಿ ಸಿಕ್ಕಿತು. ಗ್ರಾಮ ಲೆಕ್ಕಿಗರ ಮರ್ಜಿ ಕಾಯುವುದು ತಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೆ ಅದರ ಅಡಿಪಾಯ ವಿಂಡೋಸ್ ಎನ್‌ಟಿ, ವಿಷುಯಲ್ ಬೇಸಿಕ್, ಎಸ್‌ಕ್ಯೂಎಲ್ ಸರ್ವರ್. ಕಚೇರಿಯೊಳಗೆ ವಿಂಡೋಸ್, ಎದುರಿನ ಅಂಗಡಿಯಲ್ಲೂ ವಿಂಡೋಸ್. ಮಾರುಕಟ್ಟೆಯಲ್ಲಿ ಪೈಪೋಟಿ ನಡೆದು ಒಂದು ಗೆದ್ದಿತು ಎನ್ನುವವರು ಈ ಸರಪಳಿಯನ್ನು ನೋಡಿಲ್ಲ.

ಕಬ್ಬಿನ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಊರಿನ ಕಬ್ಬು ಇಂಥ ಕಾರ್ಖಾನೆಗೆ ಎಂದು ಸರ್ಕಾರ ಗಡಿ ಗೊತ್ತುಮಾಡುತ್ತದೆ. 1933ರ ಮೈಷುಗರ್ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವುದನ್ನು ನಿಲ್ಲಿಸಿದ ವರ್ಷಗಳಲ್ಲಿ ಆ ಗಡಿಯೊಳಗಿನ ಬೆಳೆಗಾರರು ಪಟ್ಟ ಪಾಡು ಎಲ್ಲರೂ ಕಂಡದ್ದೇ. ಕನ್ನಡ ಟೈಪಿಂಗಿಗೂ ಸರ್ಕಾರ ಹಾಕಿದ್ದು ಅಂಥದೇ ಗಡಿ. ಈಗ ಆ ಗಡಿಯ ಕಾರ್ಖಾನೆಯಾದ ಮೈಕ್ರೋಸಾಫ್ಟಿನವರು ಬಾಗಿಲು ಹಾಕಿ, ಹೊಸ ಗಾಡಿ ತಂದರಷ್ಟೇ ಕಬ್ಬು ಇಳಿಸಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ.

ಕನ್ನಡದವರಿಗೆ ಲಿನಕ್ಸ್ ಒಗ್ಗುವುದಿಲ್ಲ ಎನ್ನುವವರು ಕಾಸರಗೋಡಿಗೆ ಹೋಗಿಬರಲಿ. ಕೇರಳದ ‘ಐಟಿ ಅಟ್ ಸ್ಕೂಲ್’ ಶುರುವಾದಾಗ ಅಲ್ಲೂ ವಿಂಡೋಸ್ ಪಾಠವೇ ಇತ್ತು. ಶಿಕ್ಷಕರ ಸಂಘಟನೆಯೇ ತಿರುಗಿಬಿತ್ತು. 2008ರ ಹೊತ್ತಿಗೆ ಹತ್ತನೇ ತರಗತಿಯ ಐಟಿ ಪರೀಕ್ಷೆ ಪೂರ್ತಿ ಮುಕ್ತ ತಂತ್ರಾಂಶದ ಮೇಲೆ ನಡೆಯತೊಡಗಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪುಸ್ತಕ ಕನ್ನಡದಲ್ಲೇ ಬರುತ್ತದೆ, ಪ್ರಯೋಗಾಲಯದಲ್ಲಿ ಲಿನಕ್ಸ್ ಓಡುತ್ತದೆ. ಅದೇ ಹೊತ್ತಿಗೆ ಕರ್ನಾಟಕ ಮಾಡಿದ್ದೇನು? ‘ಮಾಹಿತಿ ಸಿಂಧು’ ಹೆಸರಿನಲ್ಲಿ ಶಾಲೆಯ ಕಂಪ್ಯೂಟರ್ ಪಾಠವನ್ನು ಖಾಸಗಿ ಕಂಪನಿಗಳ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆ ಮುಗಿದ ಮೇಲೆ ಮೇಷ್ಟ್ರಿಗೆ ಉಳಿದದ್ದು ಬೀಗದ ಕೈ. ಅದರಾಚೆ ಇಲ್ಲೂ ಒಂದು ಒಳ್ಳೆಯ ಪ್ರಯತ್ನ ನಡೆಯಿತೆನ್ನಬೇಕು: 2011ರಿಂದೀಚೆಗೆ ಶಿಕ್ಷಕರ ತರಬೇತಿಯ ಸರ್ಕಾರಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ಮೇಲೆ ತರಬೇತಿ ಕೊಟ್ಟವು. ಅದು ಇಡೀ ಇಲಾಖೆಯ ನೀತಿಯಾಗಿ ಬೆಳೆಯಲಿಲ್ಲ.

ಎದುರುವಾದಿಗಳ ಕೈಯಲ್ಲೂ ಅಸ್ತ್ರವಿದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ ಹತ್ತು ವರ್ಷ ಹೆಣಗಿ ಸುಮಾರು 15 ಸಾವಿರ ಕಂಪ್ಯೂಟರುಗಳನ್ನು ಲಿನಕ್ಸಿಗೆ ಹೊರಳಿಸಿತು, 2017ರಲ್ಲಿ ವಿಂಡೋಸಿಗೇ ಮರಳಲು ನಿರ್ಧರಿಸಿತು. ಹೊರಗಿನವರ ಕಡತಗಳು ಸರಿಯಾಗಿ ತೆರೆಯುವುದಿಲ್ಲ ಎಂಬುದು ಅಲ್ಲಿನ ದೊಡ್ಡ ತಕರಾರುಗಳಲ್ಲೊಂದು. ಮಂಡ್ಯದ ವರ್ತಕನಿಗೆ ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬೇಕು, ಅದು ಲಿನಕ್ಸಿನಲ್ಲಿ ನೆಟ್ಟಗೆ ಓಡದು. ಅಂಥವರು ವಿಂಡೋಸಿನಲ್ಲೇ ಇರಲಿ, ಯಾರ ಅಡ್ಡಿಯೂ ಇಲ್ಲ. ಪ್ರಶ್ನೆ ಅರ್ಜಿ ಬರೆಯುವವನದು, ಶಾಲೆಯದು.

ಈ ಇಬ್ಬರಿಗೆ ಬೇಕಾದದ್ದು ಬಹುತೇಕ ಸಿದ್ಧವಾಗಿದೆ. ನುಡಿಯಲ್ಲಿ ಕಲಿತ ಬೆರಳಿಗೆ ಲಿನಕ್ಸಿನಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಬಿಟ್ಟಿಯಾಗಿ ಸಿಗುತ್ತದೆ. ಲಿಬ್ರೆ ಆಫೀಸಿನಲ್ಲಿ ಯೂನಿಕೋಡ್ ಕನ್ನಡ ಮೂಡುತ್ತದೆ, ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಹಳೇ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ಬಾಕಿ ಇರುವುದು ಜಿಲ್ಲಾಡಳಿತದ ಪಾಲು: ಹಳೇ ಸಂಕೇತದ ಕಡತವನ್ನು ಇಂಥ ದಿನದಿಂದ ಯಾವ ಮೇಜೂ ಮುಟ್ಟುವುದಿಲ್ಲ ಎಂದು ಸುತ್ತೋಲೆ ಹೊರಡಿಸಬೇಕು, ಶಾಲೆಗಳ ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಬೇಕು. ಆ ಕೆಲಸಕ್ಕೆ ಬೆಂಗಳೂರಿನ ಕಂಪನಿಯೇ ಬರಬೇಕಿಲ್ಲ. 1962ರಿಂದ ಮಂಡ್ಯದಲ್ಲೇ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ. ಕಡತ ತಿರುಗಿಸುವ ಖರ್ಚು ಜೆರಾಕ್ಸ್ ಅಂಗಡಿಯವನ ತಲೆಗೆ ಬೀಳಕೂಡದು. ಗಂಟು ಹಾಕಿದ ಇಲಾಖೆಗಳೇ ತಮ್ಮ ಬಜೆಟ್ಟಿನಲ್ಲಿ ಅದನ್ನು ಬಿಚ್ಚಲಿ.