ಅಗ್ಗದ ಮಾಂಸ, ಸಣ್ಣ ಉರಿ, ಮೂರು ಗಂಟೆ

ವಿದೇಶಕ್ಕೆ ಓದಲು ಹೊರಟವರ ತಯಾರಿಯ ಪಟ್ಟಿ ನೋಡಿ. ಐಇಎಲ್‌ಟಿಎಸ್‌ ಕೋಚಿಂಗ್, ಎಸ್‌ಒಪಿ, ಬ್ಯಾಂಕ್ ಸಾಲ, ವೀಸಾ, ದಪ್ಪ ಜಾಕೆಟ್, ಸೂಟ್‌ಕೇಸಿನ ಮೂಲೆಯಲ್ಲಿ ಎರಡು ಕೆ.ಜಿ. ಚಟ್ನಿಪುಡಿ. ಎಲ್ಲವೂ ಇರುತ್ತದೆ, ಅಡುಗೆ ಕಲಿಯುವುದೊಂದು ಮಾತ್ರ ಇರುವುದಿಲ್ಲ. ‘ಅಲ್ಲಿಗೆ ಹೋದಮೇಲೆ ನೋಡ್ಕೊಂಡ್ರಾಯ್ತು’ ಎನ್ನುತ್ತಾರೆ. ಹುಡುಗರಂತೂ ‘ನಂಗೆ ಗ್ಯಾಸ್ ಹಚ್ಚೋಕೂ ಬರಲ್ಲ’ ಎನ್ನುವುದನ್ನು ಹೆಮ್ಮೆಯ ವಿಷಯವೆಂಬಂತೆ ಹೇಳುತ್ತಾರೆ. ಅದನ್ನು ಕೇಳಿ ಮನೆಯವರೂ ನಗುತ್ತಾರೆ.

ನನ್ನ ಅಭಿಪ್ರಾಯ ಬೇರೆ. ಅಡುಗೆ ಎಂದರೆ ಎರಡು ನಿಮಿಷದ ನೂಡಲ್ಸ್ ಅಲ್ಲ. ನಿಧಾನವಾಗಿ ಬೇಯುವ ಒಂದಾದರೂ ಅಡುಗೆಯನ್ನು ಸರಿಯಾಗಿ ಕಲಿಯುವುದು ಪದವಿಯಷ್ಟೇ ಮುಖ್ಯ. ಐರ್ಲೆಂಡಿಗೆ ಬಂದವರಿಗೆ ಅಂಥದೊಂದು ಪಾಠ ಕೈಗೆಟುಕುವಲ್ಲೇ ಇದೆ. ಅದು ಬೀಫ್ ಮತ್ತು ಸ್ಟೌಟ್ ಸ್ಟ್ಯೂ. ದನದ ಮಾಂಸ, ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ, ಜತೆಗೆ ಸ್ಟೌಟ್ ಎಂಬ ಕಪ್ಪು ಬಿಯರ್ ಹಾಕಿ ಎರಡೂವರೆ ಮೂರು ಗಂಟೆ ಬೇಯಿಸುವ ಗಟ್ಟಿ ಸಾರು. ಇಲ್ಲಿನ ಪಬ್ಬುಗಳ ಮೆನುವಿನಲ್ಲಿ ಸದಾ ಕಾಣುವ ತಿನಿಸು ಇದು.

ಮೊದಲು ದುಡ್ಡಿನ ಮಾತು. ಇಲ್ಲಿ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.50 ಯೂರೊ. ಹೊರಗೆ ಒಂದು ಸಾಧಾರಣ ಊಟ ಮಾಡಿದರೆ ಹೆಚ್ಚುಕಡಿಮೆ ಒಂದು ಗಂಟೆಯ ದುಡಿಮೆ ಅಲ್ಲಿಗೆ ಮುಗಿಯಿತು. ವಾರಕ್ಕೆ ಐದು ಸಲ ಹೀಗೆ ತಿಂದರೆ 20 ಗಂಟೆಯಲ್ಲಿ ಐದು ಗಂಟೆ ಹೊಟ್ಟೆಗೇ ಹೋಯಿತು. ಬಾಡಿಗೆ, ಬಸ್ಸು, ಊರಿನಲ್ಲಿ ಬೆಳೆಯುತ್ತಿರುವ ಸಾಲದ ಬಡ್ಡಿ ಬೇರೆ.

ಸ್ಟ್ಯೂಗೆ ಬೇಕಾದದ್ದು ದುಬಾರಿ ಸ್ಟೇಕ್ ಅಲ್ಲ, ಕಾಲಿನ ಅಥವಾ ಭುಜದ ಮಾಂಸ. ಇಲ್ಲಿನ ಅಂಗಡಿಗಳಲ್ಲಿ ಅದನ್ನು ಶಿನ್, ಚಕ್ ಎನ್ನುತ್ತಾರೆ. ಸ್ಟೇಕ್ ತುಂಡಿಗಿಂತ ಬೆಲೆ ಎಷ್ಟೋ ಕಡಿಮೆ. ಯಾಕೆ ಅಗ್ಗ? ಗಟ್ಟಿ ಇರುತ್ತದೆ, ಬೇಗ ಬೇಯುವುದಿಲ್ಲ, ಅದಕ್ಕೇ. ಪ್ರಾಣಿಯ ದೇಹದಲ್ಲಿ ಅತಿ ಹೆಚ್ಚು ದುಡಿಯುವ ಭಾಗಗಳಲ್ಲಿ ಕೊಲಾಜನ್ ಎಂಬ ನಾರು ಜಾಸ್ತಿ. ಸುಮಾರು 70 ಡಿಗ್ರಿ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಆ ನಾರು ಕರಗಿ ಜೆಲಟಿನ್ ಆಗುತ್ತದೆ. ಮಾಂಸ ಮೆತ್ತಗಾಗುವುದೂ ಸಾರು ತುಟಿಗೆ ಅಂಟುವಷ್ಟು ಗಟ್ಟಿಯಾಗುವುದೂ ಅದರಿಂದಲೇ. ನಮ್ಮೂರ ಕಾಲು ಸೂಪಿನ ಗುಟ್ಟೂ ಇದೇ. ಹೆಚ್ಚು ದುಡ್ಡಿರುವವರು ಸ್ಟೇಕ್ ಕೊಂಡು ಹತ್ತು ನಿಮಿಷದಲ್ಲಿ ಉಣ್ಣುತ್ತಾರೆ. ದುಡ್ಡಿಲ್ಲದವರು ಅಗ್ಗದ ತುಂಡು ಕೊಂಡು ಮೂರು ಗಂಟೆ ಕಾದು ಅಷ್ಟೇ ರುಚಿಯಾಗಿ ಉಣ್ಣಬಹುದು.

ಇನ್ನು ಮಾಡುವ ಬಗೆ. ಐದಾರು ಜನಕ್ಕೆ ಒಂದು ಕೆ.ಜಿ. ಮಾಂಸ ಸಾಕು. ದೊಡ್ಡ ತುಂಡುಗಳಾಗಿ, ಸುಮಾರು ನಾಲ್ಕೈದು ಸೆಂ.ಮೀ. ಅಳತೆಯಲ್ಲಿ ಕತ್ತರಿಸಿ. ಟಿಶ್ಯೂ ಪೇಪರಿನಲ್ಲಿ ಒತ್ತಿ ತೇವ ಪೂರ್ತಿ ತೆಗೆಯಿರಿ. ಉಪ್ಪು, ಕಾಳುಮೆಣಸಿನ ಪುಡಿ, ಎರಡು ಚಮಚ ಮೈದಾ ಸವರಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ ಎಲ್ಲಾ ಬದಿ ಕಂದು ಬಣ್ಣ ಬರುವವರೆಗೆ ಹುರಿದು ತೆಗೆದಿಡಿ. ಒಟ್ಟಿಗೇ ಸುರಿದರೆ ಮಾಂಸ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ನೀರಿರುವಷ್ಟು ಹೊತ್ತು ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ ಮತ್ತು ಆ ಘಮ ಬೇಗ ಹುಟ್ಟಲು ಸುಮಾರು 140 ಡಿಗ್ರಿ ಬೇಕು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯ್ಯಾರ್ ಹೆಸರಿನಲ್ಲೇ ಈ ರಾಸಾಯನಿಕ ಕ್ರಿಯೆಯನ್ನು ಕರೆಯುತ್ತಾರೆ. ಕೆಮಿಸ್ಟ್ರಿ ಓದಿದವರಿಗೆ ಇದಕ್ಕಿಂತ ರುಚಿಯಾದ ಪ್ರಾಕ್ಟಿಕಲ್ ಸಿಗಲಿಕ್ಕಿಲ್ಲ.

ಅದೇ ಪಾತ್ರೆಯಲ್ಲಿ ಮೂರು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ. ಒಂದು ಚಮಚ ಟೊಮೆಟೊ ಪೇಸ್ಟ್ ಸೇರಿಸಿ. ಆಮೇಲೆ ಒಂದು ಕ್ಯಾನ್ ಸ್ಟೌಟ್, ಅಂದರೆ 400ರಿಂದ 500 ಮಿ.ಲೀ. ಸುರಿದು, ತಳದಲ್ಲಿ ಅಂಟಿರುವುದನ್ನೆಲ್ಲ ಮರದ ಸೌಟಿನಿಂದ ಕೆರೆದು ಬಿಡಿಸಿ. ರುಚಿಯೆಲ್ಲ ಅಲ್ಲೇ ಇರುವುದು. ಮಾಂಸವನ್ನು ಮತ್ತೆ ಹಾಕಿ ಅರ್ಧ ಲೀಟರಿನಷ್ಟು ಸ್ಟಾಕ್, ಎರಡು ಬೇ ಎಲೆ, ಸ್ವಲ್ಪ ಥೈಮ್ ಸೇರಿಸಿ ಮುಚ್ಚಿ. ಉರಿ ಎಷ್ಟು ಸಣ್ಣಗಿರಬೇಕೆಂದರೆ ಮೇಲೆ ಆಗೊಂದು ಈಗೊಂದು ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ಒಂದೂವರೆ ಗಂಟೆಯ ಬಳಿಕ ದಪ್ಪ ಹೋಳು ಮಾಡಿದ ನಾಲ್ಕು ಕ್ಯಾರೆಟ್, ಕೊನೆಯ 40 ನಿಮಿಷ ಇರುವಾಗ ಆಲೂಗಡ್ಡೆ. ಮೊದಲೇ ಹಾಕಿದರೆ ಆಲೂ ಕರಗಿಯೇ ಹೋಗುತ್ತದೆ.

ಒಂದು ಎಚ್ಚರಿಕೆ. ಒಂದು ಗಂಟೆ ಬೆಂದ ಮೇಲೆ ತುಂಡೊಂದನ್ನು ಬಾಯಿಗೆ ಹಾಕಿಕೊಂಡರೆ ರಬ್ಬರ್ ಅಗಿದಂತಿರುತ್ತದೆ. ಮಾಂಸದ ಎಳೆಗಳು ಬಿಸಿಗೆ ಮೊದಲು ಬಿಗಿಯುತ್ತವೆ, ನಾರು ಕರಗುವುದು ಆಮೇಲೆ. ‘ಕೆಟ್ಟೋಯ್ತು’ ಎಂದು ಒಲೆ ಆರಿಸುವವರು ಆರಿಸುವುದು ಇಲ್ಲೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನೊಂದು ಗಂಟೆ ಬಿಟ್ಟು ನೋಡಿ, ಅದೇ ತುಂಡು ಚಮಚಕ್ಕೆ ಬಿಚ್ಚಿಕೊಳ್ಳುತ್ತದೆ.

ಊರಿಂದ ತಂದ ಕುಕ್ಕರ್ ಇದ್ದರೆ 40 ನಿಮಿಷದಲ್ಲಿ ಮುಗಿಯುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕುಕ್ಕರಿನಲ್ಲಿ ರಸ ಇಂಗುವುದಿಲ್ಲ. ಆಮೇಲೆ ಮುಚ್ಚಳ ತೆಗೆದು ಆಲೂಗಡ್ಡೆ ಬೇಯಿಸುತ್ತಾ ಇಂಗಿಸಿಕೊಳ್ಳಬೇಕು. ಸ್ಟೌಟ್ ಕಪ್ಪಗಿರುವುದು ಹುರಿದ ಬಾರ್ಲಿಯಿಂದ. ಕಾಫಿಯಂಥ ಕಹಿಯೂ ಅದರದ್ದೇ. ಆ ಕಹಿಯನ್ನು ತೂಗಿಸುವುದು ಈರುಳ್ಳಿ, ಕ್ಯಾರೆಟ್‌ಗಳ ಸಿಹಿ. ಸಾಲದಿದ್ದರೆ ಒಂದು ಚಿಟಿಕೆ ಸಕ್ಕರೆ ಹಾಕಿ. ಕುದಿದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಬಹುಪಾಲು ಹೋಗುತ್ತದೆ, ಅಲ್ಪ ಉಳಿಯುತ್ತದೆ. ಕುಡಿಯದ ಗೆಳೆಯರು ಊಟಕ್ಕೆ ಬರುತ್ತಿದ್ದರೆ ಅದನ್ನು ಮುಂಚೆಯೇ ಹೇಳುವುದು ಮರ್ಯಾದೆ. ಆಲ್ಕೋಹಾಲ್ ಇಲ್ಲದ ಸ್ಟೌಟ್ ಕೂಡ ಈಗ ಸಿಗುತ್ತದೆ.

ಈ ಪಾತ್ರೆಯಲ್ಲಿ ಬೇಯುವುದು ಮಾಂಸ ಮಾತ್ರವಲ್ಲ, ಒಂದು ದೇಶದ ಕಥೆಯೂ ಹೌದು. ‘ಐರ್ಲೆಂಡಿನ ಪ್ರಾಚೀನ ತಿನಿಸು’ ಎಂದು ಪ್ರವಾಸಿಗರಿಗೆ ಮಾರುತ್ತಾರಲ್ಲ, ಅದು ಅರ್ಧ ಸತ್ಯ. ಹಿಂದೆ ಇಲ್ಲಿ ದನ ಎಂದರೆ ಸಂಪತ್ತು. ಒಬ್ಬನ ಅಂತಸ್ತನ್ನು ಅಳೆಯುತ್ತಿದ್ದುದೇ ಹಸುಗಳ ಲೆಕ್ಕದಲ್ಲಿ. ದೇಶದ ಅತಿ ಪ್ರಸಿದ್ಧ ಹಳೆಯ ಕಥನವಾದ ‘ಟೊಯ್ನ್’ ನಡೆಯುವುದೇ ಒಂದು ಹೋರಿಯನ್ನು ಹಿಡಿದು ತರುವ ಯುದ್ಧದ ಸುತ್ತ. ಜನಸಾಮಾನ್ಯರು ಹಸು ಸಾಕುತ್ತಿದ್ದುದು ಹಾಲು, ಬೆಣ್ಣೆಗಾಗಿ. 17 ಮತ್ತು 18ನೇ ಶತಮಾನದಲ್ಲಿ ಕಾರ್ಕ್ ಬಂದರಿನಿಂದ ಉಪ್ಪು ಹಾಕಿದ ದನದ ಮಾಂಸ ಹಡಗುಗಟ್ಟಲೆ ಹೊರದೇಶಕ್ಕೆ ಹೋಗುತ್ತಿತ್ತು. ಸಾಕಿದ ಬಡವನ ತಟ್ಟೆಗೆ ಬರುತ್ತಿದ್ದುದು ಆಲೂಗಡ್ಡೆ, ಮಜ್ಜಿಗೆ. ಹಳೆಯ ಐರಿಷ್ ಸ್ಟ್ಯೂನಲ್ಲಿ ಇದ್ದದ್ದು ಕುರಿ ಮಾಂಸ, ಈರುಳ್ಳಿ, ಆಲೂಗಡ್ಡೆ, ನೀರು. ಆರ್ಥರ್ ಗಿನ್ನಿಸ್ ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷದ ಗುತ್ತಿಗೆಗೆ ಪಡೆದದ್ದು 1759ರಲ್ಲಿ. ದನದ ಮಾಂಸ ಮತ್ತು ಸ್ಟೌಟ್ ಎರಡೂ ಸಾಮಾನ್ಯರ ಪಾತ್ರೆಯಲ್ಲಿ ಸಲೀಸಾಗಿ ಒಟ್ಟು ಸೇರಿದ್ದು ಬಹಳ ತಡವಾಗಿ.

ನಡುವೆ ಕ್ಷಾಮ ಬಂತು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ತಗುಲಿತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಹಸಿವು ಮತ್ತು ಕಾಯಿಲೆಗಳಿಂದ ಸತ್ತರು, ಹತ್ತಿರಹತ್ತಿರ ಅಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಇಲ್ಲಿನ ಬಂದರುಗಳಿಂದ ಧಾನ್ಯ, ಬೆಣ್ಣೆ, ಜಾನುವಾರು ಬ್ರಿಟನ್ನಿಗೆ ಹೋಗುತ್ತಲೇ ಇದ್ದವು. 1841ರ ಜನಗಣತಿಯಲ್ಲಿ ಈ ದ್ವೀಪದ ಜನಸಂಖ್ಯೆ 80 ಲಕ್ಷ ದಾಟಿತ್ತು. ಇಂದಿಗೂ ಅದು ಆ ಮಟ್ಟಕ್ಕೆ ಮರಳಿಲ್ಲ. ಒಂದೂವರೆ ಶತಮಾನ ತನ್ನ ಮಕ್ಕಳನ್ನು ಕೆಲಸ ಹುಡುಕಲು ಹಡಗು ಹತ್ತಿಸಿ ಕಳಿಸಿದ ದೇಶಕ್ಕೆ ಈಗ ನಾವು ಕೆಲಸ ಹುಡುಕಿಕೊಂಡು ಬರುತ್ತಿದ್ದೇವೆ. ಇದನ್ನು ತಿಳಿದ ಮೇಲೆ ಪಾತ್ರೆಯೊಳಗಿನ ಆಲೂಗಡ್ಡೆ ಬರೀ ತರಕಾರಿಯಾಗಿ ಕಾಣುವುದಿಲ್ಲ. ಬಂದ ನಾಡಿನ ಊಟ ಮಾಡಲು ಕಲಿತರೆ ಆ ನಾಡಿನ ನೋವೂ ಸ್ವಲ್ಪ ಅರ್ಥವಾಗುತ್ತದೆ. ಕೆಲಸದ ಜಾಗದಲ್ಲಿ ಐರಿಷ್ ಸಹೋದ್ಯೋಗಿಯ ಜತೆ ಹವಾಮಾನ ಬಿಟ್ಟು ಬೇರೆ ಮಾತಾಡಲು ಒಂದು ವಿಷಯವೂ ಸಿಗುತ್ತದೆ.

‘ಅದೆಲ್ಲಾ ಸರಿ, ಆದರೆ ದನದ ಮಾಂಸ?’ ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಎದ್ದಿರುತ್ತದೆ. ಏಳಬೇಕಾದದ್ದೇ. ನಮ್ಮ ರಾಜ್ಯದಲ್ಲಿ ಜಾನುವಾರು ಹತ್ಯೆ ತಡೆಯುವ ಬಿಗಿ ಕಾನೂನು ಇದೆ. ತಿನ್ನುವ ಮನೆಗಳೂ ಇವೆ, ತಿನ್ನದ ಮನೆಗಳೂ ಇವೆ. ಐರ್ಲೆಂಡಿನಲ್ಲಿ ಅದು ದಿನನಿತ್ಯದ ಊಟ. ಇಲ್ಲಿಗೆ ಬಂದವರೆಲ್ಲ ತಿನ್ನಲೇಬೇಕೆಂದು ನಾನು ಹೇಳುತ್ತಿಲ್ಲ. ತಿನ್ನದವರಿಗೆ ಹಳೆಯ ಸ್ಟ್ಯೂ ಇದ್ದೇ ಇದೆ, ಕುರಿ ಮಾಂಸದ್ದು. ಊರಿನಲ್ಲಿರುವವರು ಮಾಡುವುದಾದರೂ ಅದನ್ನೇ ಮಾಡಬಹುದು. ಸಸ್ಯಾಹಾರಿಗಳು ಅಣಬೆಯನ್ನು ಕಂದಾಗುವವರೆಗೆ ಹುರಿದು, ಬಾರ್ಲಿ ಸೇರಿಸಿ, ತರಕಾರಿ ಸ್ಟಾಕಿನಲ್ಲಿ ಇದೇ ಕ್ರಮದಲ್ಲಿ ಮಾಡಿದರೆ ಒಂದು ಗಂಟೆಯಲ್ಲಿ ಒಳ್ಳೆಯ ಸ್ಟ್ಯೂ ಆಗುತ್ತದೆ. ವಿಧಾನ ಕಲಿಯುವುದಕ್ಕೂ ನಿಯಮ ಪಾಲಿಸುವುದಕ್ಕೂ ಜಗಳವಿಲ್ಲ.

ಜಗಳ ಇರುವುದು ಹಂಚಿಕೊಂಡ ಅಡುಗೆಮನೆಯಲ್ಲಿ. ನಾನಿರುವಂಥ ಬಾಡಿಗೆ ಮನೆಗಳಲ್ಲಿ ಐದು ಜನಕ್ಕೆ ಒಂದೇ ಒಲೆ, ಒಂದೇ ಫ್ರಿಜ್. ಒಬ್ಬ ಮಾಂಸ ಮುಟ್ಟದವನು, ಇನ್ನೊಬ್ಬ ಹಂದಿ ತಿನ್ನದವನು, ಮತ್ತೊಬ್ಬ ಎಲ್ಲ ತಿನ್ನುವವನು. ಇಲ್ಲಿ ಬೇಕಾಗಿರುವುದು ಭಾಷಣವಲ್ಲ, ಬೇರೆ ಪಾತ್ರೆ, ಬೇರೆ ಚಾಕು, ಫ್ರಿಜ್ಜಿನಲ್ಲಿ ಬೇರೆ ಅರೆ, ಬೇಯಿಸುವ ಮುನ್ನ ಒಂದು ಮಾತು, ತಿಂದ ಮೇಲೆ ಒಲೆ ಒರೆಸುವ ಅಭ್ಯಾಸ. ತಿನ್ನುವವನು ತಿನ್ನದವನ ಮುಂದೆ ಬೇಕೆಂದೇ ಆಡಿಸಿ ತೋರಿಸುವುದು ಎಷ್ಟು ಕೆಟ್ಟದ್ದೋ, ತಿನ್ನದವನು ಮೂಗು ಮುಚ್ಚಿಕೊಂಡು ಊರಿಗೆ ಫೋನ್ ಮಾಡಿ ವರದಿ ಒಪ್ಪಿಸುವುದೂ ಅಷ್ಟೇ ಕೆಟ್ಟದ್ದು. ಒಂದು ಅಡುಗೆಮನೆಯನ್ನು ಐವರು ಜಗಳವಿಲ್ಲದೆ ನಡೆಸಬಲ್ಲರಾದರೆ ಅವರಿಗೆ ಯಾವ ಟೀಮ್ ವರ್ಕ್ ತರಬೇತಿಯೂ ಬೇಕಿಲ್ಲ.

‘ಅಸೈನ್‌ಮೆಂಟ್, ಪಾರ್ಟ್ ಟೈಮ್ ಕೆಲಸ, ಇಂಟರ್‌ವ್ಯೂ ತಯಾರಿ. ಮೂರು ಗಂಟೆ ಎಲ್ಲಿಂದ ತರೋಣ?’ ಎಂಬುದು ಇನ್ನೊಂದು ಆಕ್ಷೇಪ. ನ್ಯಾಯವಾದದ್ದೇ. ಆದರೆ ಮೂರು ಗಂಟೆಯಲ್ಲಿ ನಿಮ್ಮ ಕೈಗೆ ಕೆಲಸ ಇರುವುದು ಮೊದಲ 40 ನಿಮಿಷ ಮಾತ್ರ. ಉಳಿದದ್ದು ಪಾತ್ರೆಯ ಕೆಲಸ. ಭಾನುವಾರ ಒಲೆಯ ಮೇಲಿಟ್ಟು ಪಕ್ಕದಲ್ಲೇ ಕುಳಿತು ಓದಿ, ಅರ್ಜಿ ಬರೆಯಿರಿ. ಸ್ಟ್ಯೂ ಮಾರನೇ ದಿನ ಇನ್ನೂ ರುಚಿ. ಬೇಯುವ ತನಕ ಕಾದವರು ಆರುವ ತನಕವೂ ಕಾಯಬೇಕು. ಎರಡು ಗಂಟೆಯೊಳಗೆ ತಣಿಸಿ, ಸಣ್ಣ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದ ರಾತ್ರಿಯೂಟದ ಚಿಂತೆ ಇಲ್ಲ. ಬ್ರೆಡ್ಡಿನ ಜತೆಗೂ ಆಗುತ್ತದೆ, ಅನ್ನದ ಜತೆಗೂ ಆಗುತ್ತದೆ. ಅನ್ನದ ಜತೆ ತಿಂದರೆ ಐರ್ಲೆಂಡಿನಲ್ಲಿ ಯಾರೂ ಬಯ್ಯುವುದಿಲ್ಲ.

1964ರಲ್ಲಿ ಮರ್ಟಲ್ ಆ್ಯಲನ್ ಎಂಬ ರೈತ ಮಹಿಳೆ ಕಾರ್ಕ್ ಜಿಲ್ಲೆಯ ತಮ್ಮ ತೋಟದ ಮನೆಯಲ್ಲೇ ‘ಬ್ಯಾಲಿಮಲೂ’ ಎಂಬ ಊಟದ ಮನೆ ತೆರೆದರು. ತಮ್ಮ ತೋಟದಲ್ಲಿ, ನೆರೆಹೊರೆಯಲ್ಲಿ ಬೆಳೆದದ್ದನ್ನೇ ಬಡಿಸಿದರು. ಐರಿಷ್ ಊಟಕ್ಕೆ ಗೌರವ ತಂದುಕೊಟ್ಟವರ ಸಾಲಿನಲ್ಲಿ ಇಂದು ಅವರ ಹೆಸರೇ ಮೊದಲು ಬರುತ್ತದೆ. ಮನೆಯ ಅಡುಗೆ ‘ಬರೀ ಅಡುಗೆ’ ಅಲ್ಲ, ಬುದ್ಧಿ ಮತ್ತು ದುಡಿಮೆ ಬೇಡುವ ವಿದ್ಯೆ ಎಂದು ಒಂದು ಸಮಾಜ ಒಪ್ಪಿಕೊಳ್ಳುವುದು ಹೀಗೆ. ನಮ್ಮ ಮನೆಗಳಲ್ಲಿ ಆ ವಿದ್ಯೆ ಅಮ್ಮನ ಬಳಿ, ಅಜ್ಜಿಯ ಬಳಿ ಇದೆ. ಅದಕ್ಕೆ ಸರ್ಟಿಫಿಕೇಟ್ ಇಲ್ಲದ ಕಾರಣಕ್ಕೆ ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ವೀಸಾಕ್ಕೆ ಕಾಯುತ್ತಿರುವವರು, ಫಲಿತಾಂಶಕ್ಕೆ ಕಾಯುತ್ತಿರುವವರು, ಆಫರ್ ಲೆಟರ್‌ಗೆ ಕಾಯುತ್ತಿರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಕಾಯುವ ಆ ತಿಂಗಳುಗಳಲ್ಲಿ ದಿನಕ್ಕೊಂದು ಹೊತ್ತು ಅಡುಗೆಮನೆಗೆ ಹೋಗಿ. ಒಗ್ಗರಣೆಯಿಂದ ಶುರು ಮಾಡಿ, ಸಾರಿಗೆ ಬನ್ನಿ, ಮೂರು ಗಂಟೆಯ ಅಡುಗೆಗೆ ಧೈರ್ಯ ಮಾಡಿ. ಮುಂದಿನ ಸಲ ಯಾವನಾದರೂ ಗೆಳೆಯ ‘ನಂಗೆ ಗ್ಯಾಸ್ ಹಚ್ಚೋಕೂ ಬರಲ್ಲ’ ಎಂದು ಬೀಗಿದರೆ ನಗಬೇಡಿ, ಲೈಟರ್ ಅವನ ಕೈಗೆ ಕೊಡಿ.