ಕಣ್ಣಿಗೆ ಬೀಳದ ಮೂಲೆಗಳು



ಮನೆಯ ಮುಂದೆ ಕಾರು ನಿಲ್ಲುವುದು ಒಂದು ಕಾಲಕ್ಕೆ ಸಿರಿವಂತಿಕೆಯ ಲಕ್ಷಣವೆನಿಸಿತ್ತು. ಇಂದು ಬ್ಯಾಡಗಿ, ಹಾವೇರಿ, ರಾಣೆಬೆನ್ನೂರುಗಳ ಓಣಿಗಳಲ್ಲಿ ಸಾಧಾರಣ ಸಂಸಾರಗಳೂ ಸಾಲ ಮಾಡಿಯಾದರೂ ಒಂದು ಕಾರನ್ನು ಇಟ್ಟುಕೊಂಡಿವೆ. ಆದರೆ ಕೊಳ್ಳುವಾಗಿನ ಉತ್ಸಾಹ ಅದನ್ನು ಶುಚಿಯಾಗಿಡುವಾಗ ಉಳಿಯುವುದಿಲ್ಲ. ನಾಲ್ಕು ಬಕೀಟು ನೀರು ಸುರಿದು, ಬಟ್ಟೆಯಿಂದ ಒರೆಸಿ, ಮೇಲೆ ಹೊಳಪು ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ವಾಸ್ತವವಾಗಿ ಹೊಳಪು ಬರಿಸುವುದೇ ಈ ಕೆಲಸದ ಅತಿ ಸುಲಭ ಭಾಗ. ಬೇಸರ ತರಿಸುವ ಕೆಲಸವೆಲ್ಲ ಕಣ್ಣಿಗೆ ಬೀಳದ ಮೂಲೆಗಳಲ್ಲಿದೆ. ವಾಹನದ ಆಯುಷ್ಯವೂ ಅದರೊಳಗೆ ಕುಳಿತವರ ಕ್ಷೇಮವೂ ಬಹುಮಟ್ಟಿಗೆ ಆ ಮೂಲೆಗಳನ್ನೇ ಅವಲಂಬಿಸಿವೆ.

ನಮ್ಮ ಊರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ತನ್ನ ಕಡುಗೆಂಪು ಬಣ್ಣಕ್ಕೆ ಹೆಸರಾದದ್ದು. ಖಾರ ಕಡಿಮೆಯಾದರೂ ಅದರ ಧೂಳಿನ ಘಾಟು ಕಡಿಮೆಯಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ದಾರಿಯಲ್ಲಿ ಒಮ್ಮೆ ಹಾದುಬಂದರೂ ಸಾಕು, ಸೂಕ್ಷ್ಮವಾದ ಕೆಂಪು ಪುಡಿ ಕಾರಿನ ಸಂದುಗೊಂದಿಗಳನ್ನು ಸೇರಿರುತ್ತದೆ. ವರ್ಷದ ಖಾರಪುಡಿಗೆಂದು ಡಬ್ಬಿ, ಕಡ್ಡಿ ಕಾಯಿಗಳನ್ನು ಚೀಲಗಟ್ಟಲೆ ಡಿಕ್ಕಿಯಲ್ಲಿ ತುಂಬಿ ಹುಬ್ಬಳ್ಳಿ, ದಾವಣಗೆರೆಗಳ ಬೀಗರ ಮನೆಗೆ ಒಯ್ಯುವವರೂ ಅನೇಕರು. ಚೀಲ ಇಳಿಯುತ್ತದೆ, ತೊಟ್ಟು, ಬೀಜ, ಪುಡಿ ಮಾತ್ರ ಇಳಿಯುವುದಿಲ್ಲ.

ಈ ಧೂಳನ್ನು ತೆಗೆಯುವುದೇ ಮೊದಲನೆಯ ಬೇಸರದ ಕೆಲಸ. ಪೊರಕೆಯಿಂದ ಗುಡಿಸಿದರೆ ಅದು ಎದ್ದು ಮೂಗು ಕಣ್ಣುಗಳನ್ನು ಸೇರುತ್ತದೆ. ಗಾಳಿಯಿಂದ ಊದಿಸಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಬಾಗಿಲುಗಳನ್ನೆಲ್ಲ ತೆರೆದು, ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡು, ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿಸಿ, ಉಳಿದುದನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಸೀಟುಗಳನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸರಿಸಿ ಅವುಗಳ ಅಡಿಯ ಹಳಿಗಳನ್ನು ನೋಡಬೇಕು. ಹೊಲಿಗೆಯ ಗೆರೆಗಳಿಗೂ ಗಾಳಿ ಬರುವ ಕಿಂಡಿಗಳಿಗೂ ಹಳೆಯ ಟೂತ್‌ಬ್ರಷ್ಷೇ ತಕ್ಕ ಸಾಧನ. ಒಂದೊಂದು ಕಿಂಡಿಯ ಒಂದೊಂದು ಪಟ್ಟಿಯನ್ನೂ ಒರೆಸುವಷ್ಟರಲ್ಲಿ ತಾಳ್ಮೆ ಮುಗಿಯುವುದುಂಟು. ಆದರೆ ಇದನ್ನು ಬಿಟ್ಟರೆ ಹವಾನಿಯಂತ್ರಣ ಯಂತ್ರವನ್ನು ಹಾಕಿದೊಡನೆ ಆ ಪುಡಿ ಮಗುವಿನ ಮುಖಕ್ಕೇ ಬೀಸುತ್ತದೆ. ಉಬ್ಬಸವಿರುವ ಹಿರಿಯರಿದ್ದ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅನೇಕ ಕಾರುಗಳಲ್ಲಿ ಎದುರಿನ ಖಾನೆಯ ಹಿಂದಿರುವ ಗಾಳಿಯ ಜಾಲರಿಯನ್ನು, ಅಂದರೆ ಫಿಲ್ಟರನ್ನು, ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಬೇಗನೆ ಬದಲಾಯಿಸುವುದು ಇಲ್ಲಿನವರಿಗೆ ಲೇಸು.

ಕಲೆಯ ವಿಷಯ ಬೇರೆ. ಮೆಣಸಿನಕಾಯಿಯ ಬಣ್ಣವೂ ಖಾರವೂ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಕಾಯಿ ಬಿಡಿಸಿದ ಕೈಗೆ ಎಣ್ಣೆ ಸವರಿಕೊಂಡು ಅನಂತರ ಸಾಬೂನು ಹಚ್ಚುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಸೀಟಿನ ಕೆಂಪು ಕಲೆಗೆ ಬರೀ ನೀರು ಹಾಕಿ ಉಜ್ಜಿದರೆ ಅದು ಹರಡುತ್ತದೆ. ಮೊದಲು ಒಣ ಪುಡಿಯನ್ನು ತೆಗೆದು, ಎರಡು ಹನಿ ಅಡುಗೆ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಒತ್ತಿ, ಬಳಿಕ ಆ ಎಣ್ಣೆಯ ಅಂಶವೂ ಹೋಗುವಂತೆ ಸಾಬೂನಿನ ನೊರೆಯಿಂದ ತೆಗೆಯಬೇಕು. ಉಳಿದ ಛಾಯೆಯನ್ನು ಬಿಸಿಲು ದಿನಗಳೆದಂತೆ ಮಂಕಾಗಿಸುತ್ತದೆ.

ಎರಡನೆಯದು ಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯ ಎರೆಮಣ್ಣು ಚಕ್ರದ ಮೇಲಿನ ಕಮಾನುಗಳ ಒಳಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟು ತಗಡಿಗೆ ತುಕ್ಕು ತರುವುದು ಈ ಮಣ್ಣೇ. ನೆಲದ ಮೇಲೆ ಕುಳಿತು, ಕೈಯನ್ನು ಒಳಗೆ ಚಾಚಿ, ನೀರಿನಿಂದ ನೆನೆಸಿ ನೆನೆಸಿ ಇದನ್ನು ಬಿಡಿಸಬೇಕು. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹರಿದುಹೋಗಲೆಂದು ಪುಟ್ಟ ರಂಧ್ರಗಳಿರುತ್ತವೆ. ಮುಂದಿನ ಗಾಜಿನ ಬುಡದಲ್ಲಿಯೂ ಅಂಥ ದಾರಿಗಳಿವೆ. ಬೇವಿನ ಮರದಡಿ ನಿಲ್ಲಿಸಿದ ಕಾರಿನಲ್ಲಿ ಉದುರಿದ ಎಲೆ, ಹೂವುಗಳು ಇವನ್ನು ಮುಚ್ಚಿಬಿಡುತ್ತವೆ. ಹೊರಗೆ ಹೋಗಬೇಕಾದ ನೀರು ಒಳಗೇ ನಿಂತು, ಯಾರಿಗೂ ತಿಳಿಯದಂತೆ ಬಾಗಿಲನ್ನು ತಿನ್ನುತ್ತದೆ. ಒಂದು ಮೆತ್ತನೆಯ ಕಡ್ಡಿಯಿಂದ ಆ ರಂಧ್ರಗಳನ್ನು ಬಿಡಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಮಾತ್ರ ನಮಗೆ ದೊರೆಯುವುದಿಲ್ಲ!

ತೊಳೆದ ಮೇಲೆ ಒಣಗಿಸುವುದೂ ಒಂದು ಕೆಲಸವೇ. ಕೊಳವೆಬಾವಿಯ ಗಡಸು ನೀರು ಬಿಸಿಲಿನಲ್ಲಿ ತಾನಾಗಿ ಆರಿದರೆ ಸುಣ್ಣದ ಅಂಶ ಬಿಳಿ ಚುಕ್ಕೆಗಳಾಗಿ ಕೂರುತ್ತದೆ. ಆದುದರಿಂದ ನೆರಳಿನಲ್ಲಿ ತೊಳೆದು, ಆಗಿಂದಾಗಲೇ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪೈಪನ್ನು ತೆರೆದಿಟ್ಟು ನೀರು ಪೋಲು ಮಾಡುವುದು ಬೇಡ. ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬಟ್ಟೆ ಅದ್ದಿ ತೆಗೆಯಲು ಶುದ್ಧ ನೀರು, ಹೀಗೆ ಎರಡು ಬಕೀಟು ಇಟ್ಟುಕೊಂಡರೆ ನೀರೂ ಉಳಿಯುತ್ತದೆ, ಮಣ್ಣಿನ ಕಣಗಳಿಂದ ಬಣ್ಣಕ್ಕೆ ಗೀರು ಬೀಳುವುದೂ ತಪ್ಪುತ್ತದೆ.

ಮಹಾನವಮಿಯ ಖಂಡೆಪೂಜೆಯಂದು ನಾವೆಲ್ಲ ವಾಹನವನ್ನು ಭಕ್ತಿಯಿಂದ ಪೂಜಿಸುತ್ತೇವೆ. ಮರುದಿನದ ಕೆಲಸವನ್ನೂ ಅದೇ ಶ್ರದ್ಧೆಯಿಂದ ಮಾಡಬೇಕಷ್ಟೆ. ವಿಭೂತಿಯನ್ನು ಒಣ ಬಟ್ಟೆಯಿಂದ ತಿಕ್ಕಿದರೆ ಗೀರುಗಳೇಳುತ್ತವೆ. ನೀರು ಹನಿಸಿ ತೊಳೆಯಬೇಕು. ಒದ್ದೆ ಕುಂಕುಮ ಬಹಳ ಹೊತ್ತು ನಿಂತರೆ ಬಿಳಿಯ ಕಾರಿನಲ್ಲಿ ಕಲೆ ಉಳಿಯುತ್ತದೆ. ಬಾಳೆಕಂಬ, ಮಾಲೆಗಳಿಗೆ ಹಚ್ಚಿದ ಅಂಟುಪಟ್ಟಿಯ ಗುರುತನ್ನು ಉಗುರಿನಿಂದ ಕೆರೆಯದೆ ಎಣ್ಣೆ ಸವರಿ ಬಿಡಿಸಬೇಕು. ಕರ್ಪೂರವನ್ನು ಬಾನೆಟ್ಟಿನ ಮೇಲೆ ಬೆಳಗದೆ ಆರತಿ ತಟ್ಟೆಯಲ್ಲಿಯೇ ಬೆಳಗುವುದು ಒಳ್ಳೆಯದು.

ಇನ್ನು ಎಲ್ಲರೂ ಮರೆಯುವ ಒಂದು ಮೂಲೆಯಿದೆ. ಅದು ಸೀಟು ಬೆಲ್ಟಿನ ಕೊಕ್ಕೆ. ಬಿಸ್ಕತ್ತಿನ ಚೂರು, ಧೂಳು, ಮೆಣಸಿನ ಬೀಜ ಅದರೊಳಗೆ ಬಿದ್ದರೆ ಕೊಕ್ಕೆ ಸರಿಯಾಗಿ ಕೂರುವುದಿಲ್ಲ. ಬೆಲ್ಟಿನ ಪಟ್ಟಿಯನ್ನು ಪೂರ್ತಿ ಹೊರಗೆಳೆದು, ಸೌಮ್ಯ ಸಾಬೂನಿನಿಂದ ಒರೆಸಿ, ಒಣಗುವವರೆಗೆ ಹಾಗೆಯೇ ಹಿಡಿದಿಡಬೇಕು. ಗಾಜಿನ ಒಳಮುಖದಲ್ಲಿ ಕೂರುವ ತೆಳುವಾದ ಜಿಡ್ಡಿನ ಪೊರೆಯೂ ಅಂಥದೇ. ಹಗಲಿನಲ್ಲಿ ಅದು ತೋರದು. ಮೋಟೆಬೆನ್ನೂರಿನ ಬಳಿ ಹೆದ್ದಾರಿಗೆ ಸೇರಿ, ಇರುಳಿನಲ್ಲಿ ಎದುರಿನಿಂದ ಲಾರಿಯ ಬೆಳಕು ಬಿದ್ದಾಗ ಇಡೀ ಗಾಜೇ ಮಂಜಾಗುತ್ತದೆ. ಆ ಕ್ಷಣದಲ್ಲಿ ಬಾನೆಟ್ಟಿನ ಹೊಳಪು ಯಾರನ್ನೂ ಕಾಪಾಡುವುದಿಲ್ಲ.

ಈ ಕೆಲಸಗಳನ್ನು ಮನೆಯವರೆಲ್ಲ ಹಂಚಿಕೊಂಡರೆ ಭಾರವೆನಿಸದು. ಕಿಂಡಿಗಳನ್ನು ಒರೆಸಲು ಮಕ್ಕಳ ಸಣ್ಣ ಬೆರಳುಗಳೇ ಅನುಕೂಲ. ಮೆಣಸಿನ ಧೂಳನ್ನು ತೆಗೆಯುವ ಕೆಲಸ ಮಾತ್ರ ದೊಡ್ಡವರಿಗಿರಲಿ. ತೊಳೆಯುವ ಅಂಗಡಿಗೇ ಒಯ್ಯುವವರು ಇನ್ನೊಂದು ಮಾತನ್ನು ನೆನಪಿಡಬೇಕು. ದಿನವಿಡೀ ನೀರಿನಲ್ಲಿ ನಿಂತು ಕಾಲು ಬೆರಳುಗಳ ಸಂದು ಹುಣ್ಣಾದ ಹುಡುಗ ಚಕ್ರದ ಒಳಗೆ ಕೈಹಾಕಿ ಮಣ್ಣು ತೆಗೆದದ್ದು ನಮಗೆ ಕಾಣುವುದಿಲ್ಲ. ಎಲ್ಲಿಯೋ ಉಳಿದ ಒಂದು ಕಲೆ ಮಾತ್ರ ಕಾಣುತ್ತದೆ. ಅರ್ಧ ಗಂಟೆ ಹೆಚ್ಚು ಕಾದು, ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು, "ಚಲೋ ಮಾಡಿದಿಯಪ್ಪ" ಎಂದರೆ ನಮ್ಮದೇನೂ ಕಳೆಯದು. ಕಾಯಕವನ್ನು ಗೌರವಿಸುವ ಮನೆತನದವರು ಕಾಣದ ಕಾಯಕವನ್ನು ಮೊದಲು ಗೌರವಿಸಬೇಕು.

ಬರುವ ರವಿವಾರ ನಿಮ್ಮ ಕಾರಿನ ಹೊರಮೈಯನ್ನು ಹಾಗೆಯೇ ಬಿಟ್ಟು, ಬಾಗಿಲ ಕೆಳಗಿನ ರಂಧ್ರಗಳನ್ನೂ ಬೆಲ್ಟಿನ ಕೊಕ್ಕೆಯನ್ನೂ ಒಮ್ಮೆ ನೋಡಿರಿ.