ಕರೆದವರೇ ಟಿಕೆಟ್ ದುಡ್ಡು ಕೊಡಲಿ

ಖಾಸಗಿ ಸಂಸ್ಥೆಗಳ ಸಂದರ್ಶನ ಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘ಪ್ರಯಾಣ ಭತ್ಯೆ ನೀಡಲಾಗುವುದಿಲ್ಲ’. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕೆಲಸ ಬೇಕಾದವರು ಹೇಗಾದರೂ ಬರುತ್ತಾರೆ ಎಂಬ ಧೋರಣೆ ಅದರ ಹಿಂದಿದೆ. ಆದರೆ ಎಲ್ಲರೂ ಬರುವುದಿಲ್ಲ, ಬರಲಾಗುವುದಿಲ್ಲ.

ಬೀದರ್ ಜಿಲ್ಲೆಯ ಹುಡುಗಿಯೊಬ್ಬಳಿಗೆ ಹೈದರಾಬಾದಿನ ಮಲ್ಕಾಜ್‌ಗಿರಿಯ ಕಚೇರಿಯೊಂದರಿಂದ ಕರೆ ಬಂದಿದೆ ಎಂದಿಟ್ಟುಕೊಳ್ಳಿ. ಬೀದರಿನವರಿಗೆ ಹೈದರಾಬಾದ್ ಹೊಸ ಊರಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹೈದರಾಬಾದ್ ಸುಮಾರು 150 ಕಿ.ಮೀ. ಕೆಲಸ ಹುಡುಕುವವರು ಆ ಕಡೆ ನೋಡುವುದು ಸಹಜ.

ಬೀದರಿನ ಬಸ್ಸು ಜಹೀರಾಬಾದ್, ಪಟಾನ್‌ಚೆರು ದಾಟಿ ನಗರದ ಪಶ್ಚಿಮದಿಂದ ಒಳಗೆ ಬರುತ್ತದೆ. ಮಲ್ಕಾಜ್‌ಗಿರಿ ಇರುವುದು ಈಶಾನ್ಯದಲ್ಲಿ, ಸಿಕಂದರಾಬಾದಿನ ಆಚೆ. ಬೆಳಿಗ್ಗೆ ಹತ್ತಕ್ಕೆ ಹಾಜರಾಗಬೇಕಾದರೆ ನಸುಕಿನಲ್ಲೇ ಮನೆ ಬಿಡಬೇಕು, ಇಲ್ಲವೇ ಹಿಂದಿನ ರಾತ್ರಿ ಲಾಡ್ಜ್ ಹಿಡಿಯಬೇಕು. ಒಬ್ಬಳನ್ನೇ ಕಳಿಸಲು ಮನೆಯವರು ಒಪ್ಪದಿದ್ದರೆ ಅಪ್ಪನೋ ಅಣ್ಣನೋ ಜೊತೆಗೆ ಹೊರಡಬೇಕು. ಆಗ ಅವರ ಟಿಕೆಟ್ಟೂ ಸೇರಿತು, ಅವರ ಒಂದು ದಿನದ ಕೂಲಿಯೂ ಹೋಯಿತು.

2023ರಲ್ಲಿ ಎರಡೂ ರಾಜ್ಯಗಳು ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದವು. ಆದರೆ ಕರ್ನಾಟಕದ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಆ ರಾಜ್ಯದ ಮಹಿಳೆಯರಿಗೆ ಮಾತ್ರ. ಗಡಿ ದಾಟಿ ಕೆಲಸ ಹುಡುಕುವವಳು ಎರಡರಿಂದಲೂ ಹೊರಗೆ. ಇಷ್ಟೆಲ್ಲ ಖರ್ಚು ಮಾಡಿಕೊಂಡು ಹೋದರೆ ಹತ್ತು ನಿಮಿಷದ ಮಾತು, ‘ಆಮೇಲೆ ತಿಳಿಸುತ್ತೇವೆ’ ಎಂಬ ಉತ್ತರ.

ಸಂದರ್ಶನ ಸಂಸ್ಥೆಯ ಅಗತ್ಯ. ಜಾಹೀರಾತಿಗೆ, ನೇಮಕಾತಿ ಏಜೆನ್ಸಿಗೆ ಅದು ದುಡ್ಡು ಕೊಡುತ್ತದೆ. ತನ್ನ ಮ್ಯಾನೇಜರ್ ಪರಊರಿಗೆ ಹೋದರೆ ಬಿಲ್ಲು ಪಾಸು ಮಾಡುತ್ತದೆ. ಈ ಇಡೀ ವ್ಯವಹಾರದಲ್ಲಿ ಸಂಬಳವಿಲ್ಲದೆ ಇರುವವರು ಅಭ್ಯರ್ಥಿ ಒಬ್ಬರೇ; ಜೇಬಿಗೆ ಕೈ ಹಾಕಬೇಕಾದವರೂ ಅವರೇ.

ಇದು ಆಗದ ಮಾತೇನಲ್ಲ. ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವೆಗಳ ವ್ಯಕ್ತಿತ್ವ ಪರೀಕ್ಷೆಗೆ ಬರುವವರಿಗೆ ಪ್ರಯಾಣ ವೆಚ್ಚ ಮರುಪಾವತಿ ಮಾಡುತ್ತದೆ. ಸೇನೆಯ ಆಯ್ಕೆ ಮಂಡಳಿಗಳು ಮೊದಲ ಸಲ ಬರುವ ಅಭ್ಯರ್ಥಿಗೆ ರೈಲು ದರ ಕೊಡುತ್ತವೆ. ರೈಲ್ವೆ ನೇಮಕಾತಿ ಪರೀಕ್ಷೆಗೆ ಹೋಗುವ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಪಾಸ್ ಇದೆ. ಜರ್ಮನಿಯಲ್ಲಂತೂ ಸಂದರ್ಶನಕ್ಕೆ ಆಹ್ವಾನಿಸಿದ ಮಾಲೀಕರೇ ಪ್ರಯಾಣದ ಖರ್ಚು ಭರಿಸಬೇಕು; ಕೊಡುವುದಿಲ್ಲವೆಂದಾದರೆ ಮೊದಲೇ ಹೇಳಿರಬೇಕು. ನಮ್ಮಲ್ಲಿ ಖಾಸಗಿ ಸಂಸ್ಥೆಗಳನ್ನು ಹೀಗೆ ಕಟ್ಟುವ ಕಾನೂನಿಲ್ಲ.

ಟಿಕೆಟ್ ಕೊಟ್ಟರೆ ಊರು ಸುತ್ತಲು ಬರುತ್ತಾರೆ ಎನ್ನುವವರಿದ್ದಾರೆ. ಅರ್ಜಿ ಹಾಕಿದವರಿಗೆಲ್ಲ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಅರ್ಜಿ ಓದಿ, ಆರಿಸಿ, ತಾವೇ ಕರೆದ ನಾಲ್ಕೈದು ಮಂದಿಗೆ ಕೊಡಬೇಕು. ಸಾಮಾನ್ಯ ಬಸ್ಸಿನ ದರಕ್ಕಾಗಿ ನಸುಕಿನಲ್ಲಿ ಎದ್ದು ಮಲ್ಕಾಜ್‌ಗಿರಿ ನೋಡಲು ಬರುವವರು ಯಾರು?

ಸಣ್ಣ ಸಂಸ್ಥೆಗೆ ಇದು ಹೊರೆ ಎಂಬ ಮಾತಿನಲ್ಲಿ ಹುರುಳಿದೆ. ಅಂಥವರು ಮೊದಲ ಸುತ್ತನ್ನು ಫೋನಿನಲ್ಲೋ ವಿಡಿಯೋ ಕರೆಯಲ್ಲೋ ಮುಗಿಸಲಿ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಸಂಸ್ಥೆಗಳು ಹಾಗೆಯೇ ನೇಮಕ ಮಾಡಿಕೊಂಡವು. ಕೊನೆಯ ಸುತ್ತಿಗೆ ಒಬ್ಬಿಬ್ಬರನ್ನು ಕರೆಯುವಾಗ ಹೋಗಿಬರುವ ಬಸ್ ದರ ಕೊಟ್ಟರೆ ಯಾವ ಸಂಸ್ಥೆಯೂ ಮುಳುಗುವುದಿಲ್ಲ.

ಕೊಡದಿದ್ದರೆ ಮುಳುಗುವುದು ಆಯ್ಕೆಯೇ. ಬಸ್ಸಿಗೆ ಸಾಲ ಹುಟ್ಟದೆ ಮನೆಯಲ್ಲೇ ಉಳಿದವರ ಅರ್ಜಿಯ ಮೇಲೆ ‘ಗೈರುಹಾಜರು’ ಎಂದು ಬರೆಯುತ್ತಾರೆ. ಅವರಿಗೆ ಆಸಕ್ತಿಯಿಲ್ಲ ಎಂದು ಕಚೇರಿ ತಿಳಿಯುತ್ತದೆ. ಹತ್ತಿರದಲ್ಲಿ ಮನೆಯಿದ್ದವರು ಅರ್ಹರಾಗಿಬಿಡುತ್ತಾರೆ.

ಕರೆಪತ್ರದ ಆ ಕೊನೆಯ ಸಾಲನ್ನು ಬದಲಿಸಬೇಕು: ‘ಹೋಗಿಬರುವ ಬಸ್ ಅಥವಾ ರೈಲು ದರವನ್ನು ಅದೇ ದಿನ ಕೊಡಲಾಗುವುದು, ಟಿಕೆಟ್ ತನ್ನಿ.’ ಇಷ್ಟು ಬರೆಯಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ.